ಫೈನಲ್ ಫ್ಯಾಂಟಸಿಯಲ್ಲಿ ಯಾವ ಭಾಗ ಬೆಸ್ಟ್? ಅಭಿಮಾನಿಗಳು ಯಾಕೆ ಒಮ್ಮತಕ್ಕೆ ಬರುವುದೇ ಇಲ್ಲ?

1987ರಲ್ಲಿ ಶುರುವಾದ ಈ ಜಪಾನಿ ವಿಡಿಯೋ ಗೇಮ್ ಸರಣಿಯಲ್ಲಿ ನಂಬರ್ ಬದಲಾದರೆ ಕಥೆ, ಪಾತ್ರ, ಲೋಕ, ಕಾದಾಡುವ ರೀತಿ ಎಲ್ಲಾ ಹೆಚ್ಚುಕಡಿಮೆ ಹೊಸದು. ಒಮ್ಮತ ಎಲ್ಲಿಂದ ಬರಬೇಕು? ಯಾರು ಯಾವುದನ್ನು ಮೊದಲು ಆಡಿದರೋ ಅವರಿಗೆ ಅದೇ ದೊಡ್ಡದು. 1997ರ 7ನೇ ಭಾಗಕ್ಕೆ ಜೈಕಾರ ಜಾಸ್ತಿ ಇರುವುದೂ ಅದಕ್ಕೇ, ಜಪಾನಿನ ಹೊರಗೆ ಎಷ್ಟೋ ಜನ ಶುರು ಮಾಡಿದ್ದೇ ಅಲ್ಲಿಂದ ಅಲ್ವಾ.

ನನ್ನ ಓಟು 1994ರ 6ನೇ ಭಾಗಕ್ಕೆ. ಇಲ್ಲಿ ಖಳನಾಯಕ ಕೆಫ್ಕಾ ಸುಮ್ನೆ ಬೆದರಿಸುವುದಿಲ್ಲ, ಕಥೆಯ ನಡುವಿನಲ್ಲೇ ಲೋಕವನ್ನು ನಿಜವಾಗಿ ಹಾಳು ಮಾಡಿಬಿಡುತ್ತಾನೆ. ಆಮೇಲೆ ನಾವು ಆಡಿಸುವ ಪಾತ್ರಗಳಲ್ಲಿ ಒಬ್ಬಳಾದ ಸೆಲಿಸ್ ಒಂದು ಪುಟ್ಟ ದ್ವೀಪದಲ್ಲಿ ಕಣ್ಣು ಬಿಡುತ್ತಾಳೆ, ಅಲ್ಲಿ ಹಾಸಿಗೆ ಹಿಡಿದಿರುವ, ಅವಳಿಗೆ ಅಜ್ಜನಂತಿರುವ ಸಿಡ್‌ಗೆ ನಾವೇ ಮೀನು ಹಿಡಿದು ತಿನ್ನಿಸಬೇಕು, ಚುರುಕಾಗಿ ಈಜುವ ಮೀನು ಕೊಟ್ಟರೆ ಚೇತರಿಸಿಕೊಳ್ಳುತ್ತಾನೆ, ನಿಧಾನದ್ದನ್ನೇ ಕೊಡುತ್ತಾ ಹೋದರೆ ಸಾಯುತ್ತಾನೆ. ಎರಡರಲ್ಲಿ ಏನಾದರೂ ಕಥೆ ಮುಂದೆ ಹೋಗುತ್ತದೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

8ರದ್ದು ಬೇರೆಯೇ ಜಗಳ. ನಮ್ಮ ಲೆವೆಲ್ ಏರಿದಂತೆ ಶತ್ರುಗಳದ್ದೂ ಏರುತ್ತದೆ, ಜೊತೆಗೆ ಶತ್ರುಗಳಿಂದ ಮ್ಯಾಜಿಕ್ ಎಳೆದೆಳೆದು ಕೂಡಿಡುವ ಕೆಲಸ. ಕೆಲವರಿಗೆ ಅದೇ ಮಜಾ, ನನಗಂತೂ ಬೋರು. ಹೊಸಬರಾದರೆ 2001ರ 10ನೇ ಭಾಗದಿಂದ ಶುರು ಮಾಡಿ, ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಸರದಿಯ ಕಾದಾಟ ಅದರಲ್ಲಿ ಬೇಗ ಅರ್ಥವಾಗುತ್ತದೆ.