ತೊಟ್ಟಿಯಲ್ಲಿ ಇದ್ದದ್ದು ಒಂದೇ ಗಪ್ಪಿ ಮೀನು. ಗಂಡಿಲ್ಲದೆ ಮರಿ ಬಂದದ್ದು ಹೇಗೆ?

ಬರುವಾಗಲೇ ಅದು ಬಸುರಾಗಿತ್ತು ಅಥವಾ ವೀರ್ಯವನ್ನು ಒಳಗೆ ಕೂಡಿಟ್ಟುಕೊಂಡಿತ್ತು. ಗಂಡು ಗಪ್ಪಿಗೆ ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತಾಗಿರುತ್ತದೆ, ಅದರಿಂದಲೇ ವೀರ್ಯವನ್ನು ಹೆಣ್ಣಿನೊಳಗೆ ಬಿಡುತ್ತದೆ. ಒಮ್ಮೆ ಕೂಡಿದರೆ ಹೆಣ್ಣು ಅದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆಯಂತೆ ಹಲವು ಸೂಲು ಮರಿ ಹಾಕಬಲ್ಲದು. ಮೊಟ್ಟೆ ಹೊಟ್ಟೆಯೊಳಗೇ ಬೆಳೆಯುತ್ತದೆ. ಹೊರಬಂದ ಮರಿ ಆ ಕ್ಷಣದಿಂದಲೇ ಈಜುತ್ತದೆ. ಹೆರಿಗೆ ಹತ್ತಿರವಾದಾಗ ಹೊಟ್ಟೆಯ ಹಿಂತುದಿಯ ಕಪ್ಪು ಮಚ್ಚೆ ದೊಡ್ಡದಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಇದರ ತವರು ಟ್ರಿನಿಡಾಡ್, ವೆನೆಜುವೆಲಾ ಕಡೆಯ ತೊರೆಗಳು. ಅಲ್ಲಿ ದೊಡ್ಡ ಮೀನುಗಳ ಕಾಟ ಹೆಚ್ಚಿದ್ದಲ್ಲಿ ಗಪ್ಪಿ ಬೇಗ ಬಲಿತು ಸಣ್ಣ ಮರಿಗಳನ್ನು ಹೆಚ್ಚು ಹಾಕುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಬಾವಿ, ಸಿಮೆಂಟ್ ತೊಟ್ಟಿಗಳಿಗೆ ಸೊಳ್ಳೆ ಮರಿ ತಿನ್ನಲೆಂದು ಬಿಡುವುದು ಇದನ್ನೇ. ಮೇಲ್ಮುಖವಾದ ಬಾಯಿ ನೀರಿನ ಮೇಲ್ಪದರದಲ್ಲಿ ಜೋತುಬೀಳುವ ಹುಳುಗಳನ್ನು ಹಿಡಿಯಲು ಹೇಳಿಮಾಡಿಸಿದ್ದು. ಮೇಲ್ಮೈಯ ಚದರ ಮೀಟರಿಗೆ 5ರಿಂದ 10 ಮೀನು ಸಾಕು.

ಮರಿ ಮಾಯವಾಗುತ್ತಿದ್ದರೆ ಕಳ್ಳ ಬೆಕ್ಕಲ್ಲ, ತಾಯಿಯೇ! ಒಂದು ಹಿಡಿ ಪಾಚಿ, ನೀರುಗಿಡ ಹಾಕಿ. ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಸುರಿಯಿರಿ, ಇಲ್ಲದಿದ್ದರೆ ಕಿವಿರು ಸುಡುತ್ತದೆ. ಹೆಚ್ಚಾದವನ್ನು ಕೆರೆಗೆ ಮಾತ್ರ ಬಿಡಬೇಡಿ, ನಾಡಮೀನುಗಳ ಮರಿಗಳ ತುತ್ತಿಗೆ ಕುತ್ತು.