ಭೋಗ್ಯಕ್ಕೋ, ಬಾಡಿಗೆಗೋ?

ಪ್ರಶ್ನೆ: ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ತುಮಕೂರಿನಲ್ಲಿ ಬಾಡಿಗೆಗೆ 8,000 ರೂಪಾಯಿಯೊಳಗೆ ಮನೆ ಹುಡುಕುತ್ತಿದ್ದೇನೆ. ಒಬ್ಬರು 5 ಲಕ್ಷಕ್ಕೆ ಭೋಗ್ಯಕ್ಕೆ (ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್) ಕೊಡುತ್ತೇವೆ ಅನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಕೋಲಾರ

ಉತ್ತರ: ಅವಸರಪಟ್ಟು ಅಡ್ವಾನ್ಸ್ ಕೊಡಬೇಡಿ. ಮೊದಲು ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ನೋಡಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ (ಇ.ಸಿ.) ತೆಗೆಸಿ. ಅಷ್ಟೇ ಸಾಲದು, ಮೂಲ ಕ್ರಯಪತ್ರವನ್ನೇ ತೋರಿಸಲು ಕೇಳಿ. ಬರೀ ಜೆರಾಕ್ಸ್ ಕೊಟ್ಟರೆ ಮೂಲಪತ್ರ ಬ್ಯಾಂಕಿನಲ್ಲಿ ಅಡವಿರಬಹುದು. ಕಂತು ತಪ್ಪಿ ಮನೆ ಹರಾಜಾದರೆ ಮೊದಲು ಬ್ಯಾಂಕಿನ ಬಾಕಿ ತೀರಬೇಕು; ನಿಮ್ಮ 5 ಲಕ್ಷ ವಾಪಸ್ ಬರುವುದು ಬಹಳ ಕಷ್ಟ. ಭೋಗ್ಯಪತ್ರ ನೋಂದಣಿ ಮಾಡಿಸಲು ಒಪ್ಪದವರ ಮನೆ ಖಂಡಿತ ಬೇಡ.

ಹೊಸ ಊರಿಗೆ ಬರುವವರಿಗೆ ಬಾಡಿಗೆಯೇ ಮೇಲು ಎನ್ನುವುದು ನಮ್ಮ ಸಲಹೆ. ಕರಾರು 11 ತಿಂಗಳಿಗೆ ಸಾಕು. ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆಂದು ಅದರಲ್ಲೇ ಬರೆಸಿ.

ಕ್ಯಾತ್ಸಂದ್ರದ ಕಡೆ ಮನೆ ಮಾಡಿದರೆ ಕೆಲಸಕ್ಕೆ ದಿನವೂ ಊರು ದಾಟಿ ಶಿರಾ ದಿಕ್ಕಿಗೆ ಹೋಗಬೇಕು. ಕಂಪನಿ ಬಸ್ ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡೇ ಬಡಾವಣೆ ಆರಿಸಿ. ಬಚ್ಚಲಿನ ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಬೋರ್‌ವೆಲ್ಲಿನ ಗಡಸು ನೀರೆಂದೇ ಲೆಕ್ಕ. ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ಬೆಸ್ಕಾಂ ಬಿಲ್ಲಿನಲ್ಲಿ ಹಳೇ ಬಾಕಿ ಇಲ್ಲವೆಂದು ನೋಡಿಕೊಂಡ ಮೇಲೆಯೇ ಕೀಲಿ ತೆಗೆದುಕೊಳ್ಳಿ.