ಮಾತ್ರೆಯಿಂದ ಮಗನ ಹೆದರಿಕೆ ಇಳಿದಿದೆ, ಆದರೂ ದಿನದ ಕೆಲಸ ಯಾಕೆ ಕಷ್ಟ?

ಹತ್ತು ವರ್ಷದ ಮಗನ ಆತಂಕಕ್ಕೆ ಚಿಕಿತ್ಸೆ ನಡೀತಿದೆ, ಹೆದರಿಕೆ ಎಷ್ಟೋ ಇಳಿದಿದೆ, ಆದರೂ ಏಳೋದು, ಸ್ನಾನ, ಶಾಲೆ ಎಲ್ಲದಕ್ಕೂ ದಿನಾ ರಂಪ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ಶಿರಸಿ ಕಡೆಯ ಹಳ್ಳಿ ಶಾಲೆಯ ಅಕ್ಕೋರು. ಇಂಥ ಮಕ್ಕಳಿಗೆ ಪಾಠ ಹೇಳಿದ್ದೇನೆ.

ಕಾಯಿಲೆ ಇಳಿಯೋದು ಬೇರೆ, ದಿನ ಸಲೀಸಾಗೋದು ಬೇರೆ. 1983ರಲ್ಲಿ ಬಂದ ಸಿ-ಗ್ಯಾಸ್ ಅನ್ನೋ ಅಳತೆ ಇದೆ. ಮಗು ಮನೆ, ಶಾಲೆ, ಗೆಳೆಯರ ನಡುವೆ ಹೇಗಿದೆ ಅಂತ ನೋಡಿ ತಜ್ಞರು 1ರಿಂದ 100ರೊಳಗೆ ಅಂಕ ಕೊಡುತ್ತಾರೆ. ಒಂದೇ ಕಾಯಿಲೆಯ ಇಬ್ಬರಿಗೆ ಬೇರೆ ಬೇರೆ ಅಂಕ ಬರಬಹುದು.

ಮೊದಲು ನಿದ್ದೆ ನೋಡಿ. ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾದರೆ ರಾತ್ರಿ ಹನ್ನೊಂದಾದರೂ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿರುತ್ತಾರೆ. ದೀಪ, ಮಾತು, ನಗು. ಮಕ್ಕಳೂ ಅಲ್ಲೇ. ಬೆಳಗ್ಗೆ ಅರೆನಿದ್ದೆಯಲ್ಲಿ ಬಸ್ಸಿಗೆ ಓಡುತ್ತಾರೆ. ಮೊದಲೇ ಆತಂಕ ಇರುವ ಮಗುವಿಗೆ ಆ ದಿನ ಅಲ್ಲಿಗೇ ಮುಗೀತು. ಅಳು, ಸಿಟ್ಟು, ಹೊಟ್ಟೆನೋವು.

ಆತಂಕದ ಹಿಂದೆ ಇನ್ನೊಂದು ತೊಂದರೆ ಅಡಗಿರೋದೂ ಉಂಟು. ಒಬ್ಬ ಹುಡುಗ ಪುಸ್ತಕ ತೆಗೆಯದೆ ಸುಮ್ನೆ ಚೀಲದ ಜಿಪ್ ಎಳೀತಾ ಕೂರುತ್ತಿದ್ದ. ಬಾಯಿಲೆಕ್ಕ ಕೇಳಿದರೆ ಪಟ್ ಅಂತ ಉತ್ತರ. ಪಕ್ಕ ಕೂರಿಸಿಕೊಂಡು ಬೆರಳಿಟ್ಟು ಓದಿಸಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ಆಮೇಲೆ ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗೋ ತೊಂದರೆ, ಅಂತ ಗೊತ್ತಾಯಿತು. ಹೆದರಿಕೆಯ ಮಾತ್ರೆ ಓದು ಕಲಿಸೋದಿಲ್ಲ, ಅಲ್ವಾ?

ಇನ್ನು ಮನೆ. ಸಾಲ, ಜಗಳ, ಅಪ್ಪ ಅಮ್ಮನೇ ಕುಗ್ಗಿರೋದು ಎಲ್ಲವೂ ಮಗುವಿಗೆ ತಟ್ಟುತ್ತದೆ. ತಾಯಿಯದೇ ತಪ್ಪು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಆದರೆ ಪಾಪ ಅಂತ ನಾವೇ ತುತ್ತು ಕೊಟ್ಟು, ಅತ್ತಾಗಲೆಲ್ಲ ರಜಾಚೀಟಿ ಬರೆದುಕೊಟ್ಟರೆ ಹೆದರಿಕೆ ಹೋದರೂ ಆ ರೂಢಿ ಹೋಗೋದಿಲ್ಲ. ಒಂದೊಂದೇ ಕೆಲಸ ಅವನಿಗೇ ಬಿಡಿ. ಈ ವಾರ ಬರೀ ಚೀಲ ತುಂಬಿಕೊಳ್ಳೋದು. ಸ್ನಾನದ ಜಗಳ ಆಮೇಲೆ ನೋಡಿಕೊಳ್ಳೋಣ.

ದಿನದಲ್ಲಿ ಎಲ್ಲೆಲ್ಲಿ ತೊಡಕು ಅಂತ ಗಂಟೆ ಸಮೇತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬೆಳಗ್ಗೆ ಏಳದಿರೋದಕ್ಕೆ ಮಾತ್ರೆಯ ಮಂಪರೂ ಕಾರಣ ಇರಬಹುದು. ಅದನ್ನೂ ಕೇಳಿ, ನೀವಾಗಿ ನಿಲ್ಲಿಸಬೇಡಿ. ನಡುವೆ ಜಾಸ್ತಿ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.